ಕಡೇ ರೊಟ್ಟಿ

ನಮ್ಮ ಬಳ್ಳಾರಿ ಸೀಮೆಯ ಹೆಂಗಸರಿಗೆ ರೊಟ್ಟಿಯನ್ನು ಲೆಕ್ಕ ಹಾಕಿ ಬಡಿದು ಗೊತ್ತಿಲ್ಲ. ಮನೆಯವರಿಗೆ ಇಷ್ಟು, ಬಂದು ಹೋಗುವವರಿಗೆ ಇಷ್ಟು ಎಂದು ಬಡಿದ ಮೇಲೂ ಪರಾತದ ಅಂಚಿಗೆ ಒಂದಿಷ್ಟು ಹಿಟ್ಟು ಉಳಿದೇ ಇರುತ್ತದೆ. ಅದನ್ನು ಬಳಿದು ಕೂಡಿಸಿ, ಆರುತ್ತಿರುವ ಒಲೆಯ ಹಂಚಿನ ಮೇಲೆ ದಪ್ಪಗೆ ತಟ್ಟಿ ಹಾಕಿದ ಕಡೇ ರೊಟ್ಟಿ ನಾಯಿಯದು. "ಮೊದಲನೇದು ದೇವ್ರಿಗೆ, ಕಡೇದು ನಾಯಿಗೆ, ನಡುವಿನವು ನಮ್ಮವು" ಎಂದು ಕುರುಗೋಡಿನಲ್ಲಿ ನಮ್ಮವ್ವ ಹೇಳುತ್ತಿದ್ದಳು. ದೊಡ್ಡ ಬಸವಣ್ಣನ ಊರಿನಲ್ಲಿ ಹುಟ್ಟಿದವಳಿಗೆ ಎತ್ತು, ನಾಯಿ, ಮನುಷ್ಯ ಎಲ್ಲ ಒಂದೇ ಪಂಕ್ತಿಯವರು.

ಅವ್ವನ ಈ ಪದ್ಧತಿಗೆ ವಿಜ್ಞಾನದ ಬೆಂಬಲವೂ ಉಂಟೆಂದು ಬಹಳ ತಡವಾಗಿ ತಿಳಿಯಿತು. ನಾಯಿ ತೋಳದ ವಂಶದ್ದು ನಿಜ. ಆದರೆ ಧಾನ್ಯದ ಗಂಜಿಯನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವದ ಜೀನು ತೋಳಕ್ಕಿಂತ ನಾಯಿಯಲ್ಲಿ ಹಲವು ಪಟ್ಟು ಹೆಚ್ಚು ಇರುವುದನ್ನು ಸ್ವೀಡನ್ನಿನ ವಿಜ್ಞಾನಿಗಳ ತಂಡ 2013ರಲ್ಲಿ ಪ್ರಕಟಿಸಿತು. ಮನುಷ್ಯನ ಒಲೆಯ ಹತ್ತಿರ ಮಲಗಿ, ಅವನು ಹಾಕಿದ್ದನ್ನು ತಿಂದು ತಿಂದು ಅದರ ಮೈಯೇ ಬದಲಾಗಿದೆ. ನಮ್ಮ ಅವ್ವಂದಿರ ಕಡೇ ರೊಟ್ಟಿಯೂ ಆ ಲೆಕ್ಕದಲ್ಲಿ ಸೇರಿದೆಯೆಂದು ನನಗೆ ಹೆಮ್ಮೆ.

ಹಾಗೆ ನೋಡಿದರೆ ಈ ಭಾಗದಲ್ಲಿ ನಾಯಿಗೆ ದೊಡ್ಡ ಮರ್ಯಾದೆ. ಮೊದಲು ನಮ್ಮ ಜಿಲ್ಲೆಯಲ್ಲೇ ಇದ್ದು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಮೈಲಾರದಲ್ಲಿ, ಕಂಬಳಿ ಹೊದ್ದ ಗೊರವಯ್ಯಗಳು ನಾಯಿಯ ಹಾಗೆ ಬೊಗಳುತ್ತ, ದೋಣಿಯಲ್ಲಿ ಹಾಕಿದ್ದಕ್ಕೆ ಬಾಯಿ ಹಚ್ಚುತ್ತಾರೆ. ಮೈಲಾರಲಿಂಗನ ನಾಯಿ ಎನಿಸಿಕೊಳ್ಳುವುದೇ ಅವರಿಗೆ ಭಾಗ್ಯ.

ನಮ್ಮ ಮನೆಯ ಕರಿಯನಿಗೆ ಇಷ್ಟು ದೊಡ್ಡ ಭಾಗ್ಯವಿಲ್ಲ. ಅವನು ಸಿರುಗುಪ್ಪದ ಬೀದಿಯಲ್ಲಿ ಹುಟ್ಟಿ ನಮ್ಮ ಮಾವನವರ ಬೆನ್ನು ಹತ್ತಿ ಬಂದವನು. ಮೂರು ವರ್ಷದ ಹಿಂದೆ ಮಾವನವರು ತೀರಿಕೊಂಡಾಗ ಅತ್ತೆಯನ್ನು ಬಳ್ಳಾರಿಗೆ ಕರೆತಂದೆವು. "ಅವ ಬರದಿದ್ರ ನಾನೂ ಒಲ್ಲೆ" ಎಂದು ಅತ್ತೆ ಹಟ ಹಿಡಿದದ್ದರಿಂದ ಕರಿಯನೂ ಬಂದ. ಬಂದವರಿಬ್ಬರೂ ಊಟ ಬಿಟ್ಟರು. ನಾಯಿ ಬಾಗಿಲ ಕಡೆ ಮುಖ ಮಾಡಿ ಮಲಗಿತು, ಅತ್ತೆ ಗೋಡೆಯ ಕಡೆ. ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗುವರು, ತಟ್ಟೆ ಮಾತ್ರ ಹಾಗೇ ಇಡುವರು. ಎರಡು ಸಲ ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವತು ಕೈ ನಡುಗಿತು. ಗುಳಿಗೆ ತೆಗೆದುಕೊಂಡು ಉಪವಾಸ ಇದ್ದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಎಚ್ಚರಿಸಿದರು. ನಾವು ಹೇಳಿ ಹೇಳಿ ಸೋತೆವು.

ಇತ್ತ ಓಣಿಯ ಮಕ್ಕಳು ಕರಿಯನಿಗೆ ಕ್ರೀಮ್ ಬಿಸ್ಕತ್ತು ರೂಢಿ ಮಾಡಿಸಿದ್ದರು. ಪಶುವೈದ್ಯರು ಅವನ ಹಲ್ಲು, ಹೊಟ್ಟೆ ನೋಡಿ, "ಬಿಸ್ಕತ್ತು ಬಂದ್ ಮಾಡ್ರಿ. ತಿಂಡಿ ಏನಿದ್ದರೂ ದಿನದ ಆಹಾರದಲ್ಲಿ ಹತ್ತರಲ್ಲೊಂದು ಪಾಲು ಮೀರಬಾರದು. ಮನೆಯಲ್ಲೇ ಮಾಡಿ ಹಾಕ್ರಿ" ಎಂದರು. ಆ ಮಾತು ಕೇಳಿ ಮೂಲೆಯಲ್ಲಿದ್ದ ಅತ್ತೆ ಎದ್ದು ಕೂತರು ನೋಡಿ!

ನಾಯಿಗೆ ಆಗದ ಪದಾರ್ಥಗಳ ಪಟ್ಟಿ ನಮ್ಮ ಅಡುಗೆಮನೆಯ ಪಟ್ಟಿಯೇ. ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ ಬೆಂದಿರಲಿ ಅದರ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಡುಕು. ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಹೇಳಿದರು. ನಮ್ಮ ಹುಣಸೆಯಲ್ಲಿ ಅದೇ ಆಮ್ಲ ತುಂಬಿದೆ, ಆದ್ದರಿಂದ ಸಾರಿನನ್ನವೂ ಬೇಡ. ಚಾಕಲೇಟು ಬೇಡವೇ ಬೇಡ. ಶುಗರ್‌ಫ್ರೀ ಚೂಯಿಂಗ್ ಗಮ್ಮು, ಮಿಠಾಯಿಗಳಲ್ಲಿ ಹಾಕುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಿಬಿಡುತ್ತದೆ. ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಇದನ್ನು ನೆನಪಿಡಬೇಕು. ಬೇಯಿಸಿದ ಕೋಳಿಯ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

"ಬೆಲ್ಲ ಇಲ್ಲದ್ದು ಎಂಥಾ ತಿಂಡೀನವ್ವ?" ಎಂದು ಅತ್ತೆ ಕೇಳಿದರು. ಬೆಲ್ಲವೂ ಬೇಡವೆಂದೆ. ಒಂದು ಗಳಿಗೆ ಸುಮ್ಮನಿದ್ದು, "ಹೋಗ್ಲಿ ಬಿಡು, ನನಗೂ ಇದಕ್ಕೂ ಒಂದೇ ಪಥ್ಯ ಆತು" ಎಂದು ನಕ್ಕರು. ಮಾವನವರು ಹೋದ ಮೇಲೆ ಆ ನಗು ಕಂಡದ್ದು ಅಂದೇ.

ಅತ್ತೆ ಮಾಡುವ ರೀತಿ ಹೀಗೆ. ಒಂದು ಬಟ್ಟಲು ಜೋಳದ ಹಿಟ್ಟಿಗೆ ಅರ್ಧ ಬಟ್ಟಲು ಬೇಯಿಸಿ ಹಿಸುಕಿದ ಸಿಹಿಗುಂಬಳ, ಎರಡು ಚಮಚ ಬೆಂದ ಹೆಸರುಬೇಳೆ. ಜೋಳಕ್ಕೆ ಗೋಧಿಯ ಅಂಟು ಇಲ್ಲ, ಅದಕ್ಕೇ ಕುದಿನೀರು ಸ್ವಲ್ಪ ಸ್ವಲ್ಪವೇ ಹಾಕಿ ನಾದಬೇಕು, ಆಗ ಜಿಗುಟು ಬರುತ್ತದೆ. ತೆಳ್ಳಗೆ ತಟ್ಟಿ, ಬೆರಳಗಲ ಕೊಯ್ದು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ, ಮಾಳಿಗೆಯ ಮೇಲೆ ಬಟ್ಟೆ ಮುಚ್ಚಿ ಒಣಗಿಸಿದರಾಯಿತು. ಓವನ್ ಕೊಳ್ಳುವ ಖರ್ಚನ್ನು ಬಳ್ಳಾರಿಯ ಬಿಸಿಲು ಉಳಿಸಿದೆ! ಡಬ್ಬಿಯಲ್ಲಿ ಐದಾರು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಇಷ್ಟೇ ಸಾಲದು, ನಾಯಿಗೆ ಮಾಂಸದ ಸತ್ವವೂ ಬೇಕೆಂದು ಡಾಕ್ಟರು ಹೇಳಿದ್ದರು. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವ ಹಾಗಿಲ್ಲ. ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು ಮೊಟ್ಟೆ ಬೇಯಿಸುತ್ತೇನೆ, ಅತ್ತೆ ಅತ್ತ ನೋಡದೆ "ಬೆಂತೇನು?" ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿ ಹಣ್ಣಿನ ಹೋಳು ತಣ್ಣಗೆ ಮಾಡಿ ಕೊಡುತ್ತೇವೆ. ನಾಯಿಗೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ, ಪಾಪ, ತೇಕಿಯೇ ತಂಪಾಗಬೇಕು.

ಹೊಸ ಮನೆಯಲ್ಲಿ ಕರಿಯ ಒಬ್ಬನೇ ತಿನ್ನಲೊಲ್ಲ. ಹತ್ತಿರ ಯಾರಾದರೂ ಕೂತು ತಾವೂ ತಿಂದರೆ ಮಾತ್ರ ಬಾಯಿ ಹಚ್ಚುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಅವನ ಮುಂದೆ ತುಣುಕು ಇಟ್ಟು, ಅತ್ತೆ ತಾವೂ ಒಂದು ರೊಟ್ಟಿ ಮುರಿಯತೊಡಗಿದರು. ನಮ್ಮ ಬುದ್ಧಿಮಾತಿಗೆ ತೆರೆಯದ ಬಾಯಿ ಅವನ ಸಲುವಾಗಿ ತೆರೆಯಿತು. ಹನ್ನೊಂದರ ನಡುಕ ಆಮೇಲೆ ಬರಲಿಲ್ಲ.

ಉಣ್ಣುವವರು ಇಲ್ಲವಾದಾಗ ಹೆಂಗಸಿಗೆ ತನಗಾಗಿ ಒಲೆ ಹಚ್ಚಲು ಮನಸ್ಸೇ ಬರುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ, ಗಂಡ ಇಲ್ಲದ ಎಷ್ಟು ಮನೆಗಳಲ್ಲಿ ನಮ್ಮ ಅಕ್ಕಂದಿರು ಚಹಾ ಕುಡಿದು ದಿನ ದೂಡುತ್ತಿಲ್ಲ? ಅಂಥವರಿಗೆ "ನಿಮ್ಮ ಆರೋಗ್ಯ ನೋಡಿಕೊಳ್ಳಿ" ಎಂದರೆ ಕಿವಿಗೆ ಬೀಳದು. ಕಾದು ಕುಳಿತ ಒಂದು ಜೀವ ಬಾಲ ಅಲ್ಲಾಡಿಸಿದರೆ ಕೈ ತಾನಾಗಿ ಹಿಟ್ಟಿನ ಡಬ್ಬಿಗೆ ಹೋಗುತ್ತದೆ. ಕರಿಯನಿಗೀಗ 12 ವರ್ಷ, ಅತ್ತೆಗೆ 79. ನಾಳಿನ ಮಾತು ನಾವು ಯಾರೂ ಎತ್ತುವುದಿಲ್ಲ. ಇವತ್ತಿನ ಕುಂಬಳಕಾಯಿ ಬೆಂದಿದೆ, ಹಿಟ್ಟು ನಾದಬೇಕು.