ಕೆರೆ ಏರಿಯ ಮನೆ, ಹಿಂಗಾರಿನ ಕೆಲಸ



ಹೊಸೂರಿನಿಂದ ತಳಿ ಕಡೆಗೆ ಹೋಗುವ ರಸ್ತೆಯಲ್ಲಿ ಈಗ ಎಲ್ಲಿ ನೋಡಿದರೂ ಬೋರ್ಡುಗಳು. ‘ಲೇಕ್ ವ್ಯೂ ಕಾಟೇಜ್’, ‘ಫಾರ್ಮ್ ಸ್ಟೇ’, ‘ವಿಲ್ಲಾ ಪ್ಲಾಟ್ಸ್’. ಬೆಂಗಳೂರಿನವರು ಶನಿವಾರ ಬಂದು, ಕೆರೆ ನೋಡುತ್ತಾ ಕಾಫಿ ಕುಡಿದು, ಭಾನುವಾರ ಸಂಜೆ ಅತ್ತಿಬೆಲೆಯ ಟ್ರಾಫಿಕ್ಕಿಗೆ ಮರಳುತ್ತಾರೆ. ನಮ್ಮ ಅಜ್ಜಿಗೂ ಒಂದು ಲೇಕ್ ವ್ಯೂ ಕಾಟೇಜ್ ಇದೆ. ಬೋರ್ಡ್ ಇಲ್ಲ, ಅಷ್ಟೇ. ಎರಡು ಕೋಣೆ, ಒಂದು ಪಡಸಾಲೆ, ಹೆಂಚಿನ ಮಾಡು, ಹಿಂದೆ ಒಂದೂವರೆ ಎಕರೆ ರಾಗಿ ಹೊಲ. ಕೆರೆ ಏರಿಯ ಬಡಗಣ ತುದಿಯಲ್ಲಿ, ಕೋಡಿಗೆ ಸ್ವಲ್ಪ ಮೇಲೆ ಇರುವ ಮನೆ. ಬೇಸಿಗೆಯಲ್ಲಿ ಅಲ್ಲಿಂದ ನಾವು ಕೆರೆಯನ್ನು ನೋಡುತ್ತೇವೆ. ಹಿಂಗಾರು ಜೋರಾದರೆ ಕೆರೆ ನಮ್ಮನ್ನು ನೋಡುತ್ತದೆ.

ಕಳೆದ ವರ್ಷ ಹಾಗೇ ಆಯಿತು. ಕೋಡಿ ಬಿದ್ದು ನಾಲ್ಕು ದಿನ ಮನೆಯ ದಾರಿ ಮೊಣಕಾಲುದ್ದ ನೀರಿನಲ್ಲಿತ್ತು. ಅಜ್ಜಿಯ ಬಿ.ಪಿ. ಮಾತ್ರೆ ಮೂರನೇ ದಿನಕ್ಕೆ ಮುಗಿಯಿತು. ಪಕ್ಕದ ಹೊಲದವರು ಹಗ್ಗ ಹಿಡಿದು ದಾಟಿ ಮಾತ್ರೆ ತಲುಪಿಸಿದರು. ಆಗಲೇ ಚಿಕ್ಕಪ್ಪ ತೀರ್ಮಾನ ಹೇಳಿಬಿಟ್ಟರು: “ಅಮ್ಮ, ಸಾಕು. ಬರುವ ವರ್ಷ ಮಳೆಗೆ ಮುಂಚೆ ನಮ್ಮ ಮನೆಗೆ ಬಂದುಬಿಡು.” ಅವರ ಮನೆ ಹೊಸೂರಿನಲ್ಲಿ, ಮೂರನೇ ಮಹಡಿ. ಅಜ್ಜಿಗೆ ಎಪ್ಪತ್ತೆಂಟು. ಅವರು ಏನೂ ಹೇಳಲಿಲ್ಲ, ಎದ್ದು ಹೋಗಿ ಕೋಳಿಗೆ ಕಾಳು ಹಾಕಿದರು.

ಈ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಎಲ್ಲರೂ ಕುಳಿತು ಒಂದು ಮಾತಿಗೆ ಬಂದೆವು. ಮಾಡು, ದಾರಿ, ಸೌದೆ, ಏರಿ ಎಲ್ಲವೂ ದೀಪಾವಳಿಯ ಹೊತ್ತಿಗೆ ಸರಿಯಾದರೆ ಅಜ್ಜಿ ಅಲ್ಲೇ ಇರಬಹುದು. ಇಲ್ಲದಿದ್ದರೆ ಮೂರನೇ ಮಹಡಿ. ಕೆಲಸ ಮಾಡಬೇಕಾದವರು ನಾವು. ನಾವೆಂದರೆ ಐದು ಜನ ಮೊಮ್ಮಕ್ಕಳು, ಜೊತೆಗೆ ನಮ್ಮ ಯುವ ಬಳಗದಿಂದ ಯಾವ ಶನಿವಾರ ಯಾರು ಬಿಡುವಾಗಿರುತ್ತಾರೋ ಅವರು.

ಶಾಲೆಯ ಪುಸ್ತಕದಲ್ಲಿ ಇದು ಶರದೃತು. ಅಜ್ಜಿಯ ಲೆಕ್ಕದಲ್ಲಿ ಹಾಗಲ್ಲ. ಅಕ್ಟೋಬರ್ 10ರವರೆಗೆ ಹಸ್ತ, ಆಮೇಲೆ ಹದಿಮೂರು ಹದಿನಾಲ್ಕು ದಿನ ಚಿತ್ತೆ, ಅದಾದ ಮೇಲೆ ನವೆಂಬರ್ ಮೊದಲ ವಾರದವರೆಗೆ ಸ್ವಾತಿ, ನಂತರ ವಿಶಾಖೆ. ಅವರಿಗೆ ಪಂಚಾಂಗ ಬೇಡ, ಚರ್ಚಿನ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕಿಟ್ಟಿದ್ದಾರೆ. ಜಪಮಾಲೆ ತಿಂಗಳಿನ ಪುಟದಲ್ಲೇ ಚಿತ್ತೆ ಮಳೆಯ ಗುರುತು. ಹವಾಮಾನದವರ ಭಾಷೆಯಲ್ಲಿ ಹೇಳುವುದಾದರೆ, ನೈಋತ್ಯ ಮಾರುತ ಹಿಂದಕ್ಕೆ ಸರಿಯುತ್ತದೆ, ಗಾಳಿ ದಿಕ್ಕು ಬದಲಿಸಿ ಬಂಗಾಳ ಕೊಲ್ಲಿಯ ತೇವವನ್ನು ಈಶಾನ್ಯದಿಂದ ತರುತ್ತದೆ. ನಮ್ಮ ಹೊಸೂರು ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲೇ ಮಳೆ ಹೆಚ್ಚು. ಬೆಳಿಗ್ಗೆ ಬಿಸಿಲು, ಮೂರು ಗಂಟೆಗೆ ಮೋಡ, ಐದಕ್ಕೆ ಗುಡುಗು. ಆದ್ದರಿಂದ ಮಾಡಿನ ಕೆಲಸವೆಲ್ಲ ಮಧ್ಯಾಹ್ನ ಎರಡರೊಳಗೆ ಮುಗಿಯಬೇಕು.

ಮೊದಲ ಶನಿವಾರ ಹೆಂಚು ಕೈಯಾಡಿಸಿದೆವು. ಅಜ್ಜಿ ಮನೆಯದು ಮಂಗಳೂರು ಹೆಂಚು. ಇದಕ್ಕೊಂದು ಕಥೆ ಇದೆ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಈ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹೊಸದಾಗಿ ಕ್ರೈಸ್ತರಾಗಿ ತಮ್ಮ ಕುಲದಿಂದಲೂ ಕಸುಬಿನಿಂದಲೂ ಹೊರಗಾದವರಿಗೆ ದುಡಿಮೆ ಕೊಡಬೇಕೆಂಬುದೂ ಆ ಮಿಶನ್ನಿನ ಕಾರ್ಖಾನೆಗಳ ಒಂದು ಕಾರಣ. ನೇತ್ರಾವತಿ ದಂಡೆಯ ಜೇಡಿಮಣ್ಣು ಹೀಗೆ ದೇಶದ ಮನೆಗಳ ತಲೆಯ ಮೇಲೆ ಕುಳಿತಿತು. ಒಂದು ಹೆಂಚಿನ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುತ್ತದೆ, ಮೊಳೆ ಬೇಡ, ಸುಣ್ಣ ಬೇಡ. ಅದೇ ಅದರ ಚೆಂದ, ಅದೇ ಅದರ ತೊಂದರೆ. ಕೋತಿ ಒಮ್ಮೆ ಓಡಿದರೆ, ತೆಂಗಿನ ಗರಿ ಒಂದು ಬಿದ್ದರೆ ಸಾಲು ಸರಿಯುತ್ತದೆ. ಎಲೆ, ಮಣ್ಣು ಕಾಲುವೆಯಲ್ಲಿ ನಿಂತರೆ ನೀರು ಮುಂದಕ್ಕೆ ಹರಿಯದೆ ಒಳಕ್ಕೆ ಇಳಿಯುತ್ತದೆ.

ಒಬ್ಬರು ಮೇಲೆ, ಒಬ್ಬರು ಏಣಿಯಲ್ಲಿ, ಇಬ್ಬರು ಕೆಳಗೆ. ಹೆಂಚು ಒಂದೊಂದೇ ಇಳಿಸಿ, ತೆಂಗಿನ ನಾರಿನಿಂದ ಪಾಚಿ ಉಜ್ಜಿ, ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ‘ಟಣ್’ ಎಂದರೆ ಮೇಲಕ್ಕೆ. ‘ಡಬ್’ ಎಂದರೆ ಕಣ್ಣಿಗೆ ಕಾಣದ ಬಿರುಕಿದೆ, ಪಕ್ಕಕ್ಕೆ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಶ್ರುತಿಕವೆ ತಟ್ಟಿ ಕಲಿತದ್ದನ್ನು ಅಜ್ಜಿ ಪಡಸಾಲೆಯಲ್ಲಿ ಕುಳಿತೇ, ತಲೆ ಎತ್ತದೆ, ಸದ್ದು ಕೇಳಿ ಹೇಳುತ್ತಿದ್ದರು. “ಅದು ಬೇಡ ಕಣ್ರೋ, ಒಡ್ದೋಗದೆ.” ನಲವತ್ತೊಂದು ಹೆಂಚು ಹೊರಗೆ ಹೋದವು. ಹೊಸದು ಸಿಗುತ್ತದೆ, ಆದರೆ ಹಳೆಯದರ ಅಳತೆಗೆ ಕೂರುವುದಿಲ್ಲ. ಕೊನೆಗೆ ಡೆಂಕಣಿಕೋಟೆ ರಸ್ತೆಯಲ್ಲಿ ಕೆಡವುತ್ತಿದ್ದ ಒಂದು ಹಳೆ ಮನೆಯಿಂದ ಅರವತ್ತು ಹೆಂಚು ತಂದೆವು.

ಸೌದೆಯ ಕೆಲಸ ಸುಲಭ. ಕಡಿದದ್ದನ್ನು ಕಲ್ಲಿನ ಮೇಲೆ, ನೆಲದಿಂದ ಒಂದು ಗೇಣು ಎತ್ತರಕ್ಕೆ ಜೋಡಿಸಿದೆವು. ಗ್ಯಾಸ್ ಇದ್ದರೂ ಸ್ನಾನದ ನೀರಿಗೆ ಅಜ್ಜಿಗೆ ಹಂಡೆಯೇ ಬೇಕು. ದಾರಿಗೆ ಎರಡು ಟ್ರ್ಯಾಕ್ಟರ್ ಕಲ್ಲುಪುಡಿ ಹಾಕಿಸಿ ಮುಕ್ಕಾಲು ಅಡಿ ಎತ್ತರಿಸಿದೆವು. ಆ ಖರ್ಚು ಚಿಕ್ಕಪ್ಪನದೇ, ಅದನ್ನು ಇಲ್ಲಿ ಬರೆಯಲೇಬೇಕು.

ಏರಿಯದು ಬೇರೆ ಮಾತು. ಮೊದಲು ಆ ಪದವನ್ನೇ ಬಿಡಿಸಬೇಕು. ನಮ್ಮ ಗಡಿಯಲ್ಲಿ ಕನ್ನಡದ ‘ಏರಿ’ ಎಂದರೆ ಕೆರೆಯ ಕಟ್ಟೆ. ತಮಿಳಿನ ‘ಏರಿ’ ಎಂದರೆ ಇಡೀ ಕೆರೆ. ಹೊಸೂರಿನ ರಾಮನಾಯಕ್ಕನ್ ಏರಿ ಹೆಸರು ಕೇಳಿದ್ದೀರಲ್ಲ, ಅದು ತಮಿಳಿನ ಏರಿ. ಕೃಷ್ಣಗಿರಿ ಕಡೆಯಿಂದ ಬಂದ ಇಬ್ಬರು ಗೆಳೆಯರಿಗೆ “ಏರಿ ಸ್ವಚ್ಛ ಮಾಡಬೇಕು” ಎಂದಾಗ ಅವರು ಈಜಲು ಬಟ್ಟೆ ತಂದಿದ್ದರು.

ನಮ್ಮ ಹಿಂದಿನವರು ಕೆರೆ ಕಟ್ಟಿದ ರೀತಿ ಸರಳ. ಇಳಿಜಾರಿನ ಕೆಳಬದಿಗೆ ಬಿಲ್ಲಿನ ಹಾಗೆ ಮಣ್ಣಿನ ಏರಿ, ಹೊಲಕ್ಕೆ ನೀರು ಬಿಡಲು ತೂಬು, ಹೆಚ್ಚಾದದ್ದು ಹೋಗಲು ಕೋಡಿ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ. ಕಲ್ಲಿನ ಗೋಡೆಗಿಂತ ಮಣ್ಣಿನ ಏರಿಗೆ ಶತ್ರುಗಳು ಜಾಸ್ತಿ, ಅವು ಬಹಳ ಚಿಕ್ಕವು ಕೂಡ. ಏಡಿ ತೂತು, ಹೆಗ್ಗಣದ ಬಿಲ, ಸತ್ತ ಬೇರು. ನೀರು ಅಷ್ಟು ಸಣ್ಣ ದಾರಿ ಹಿಡಿದು ಒಳಗೆ ನುಗ್ಗಿದರೆ ಒಂದೊಂದೇ ಕಣ ಮಣ್ಣನ್ನು ಹೊರಗೆ ಒಯ್ಯುತ್ತದೆ, ದಾರಿ ಅಗಲವಾಗುತ್ತದೆ, ಒಂದು ರಾತ್ರಿ ಏರಿ ಒಡೆಯುತ್ತದೆ. ಆದ್ದರಿಂದ ಪೊದೆ, ಬಳ್ಳಾರಿ ಜಾಲಿಯ ಸಣ್ಣ ಗಿಡಗಳನ್ನು ಬೇರುಸಹಿತ ಕೀಳಬೇಕು. ದೊಡ್ಡ ಮರ ಕಡಿಯಬಾರದು. ಕಡಿದರೆ ಬೇರು ಒಳಗೇ ಕೊಳೆತು ಕೊಳವೆಯಾಗುತ್ತದೆ. ಬಿಲಗಳಿಗೆ ಕೆರೆಯದೇ ಜೇಡಿಮಣ್ಣು ಕಲಸಿ, ತುಂಬಿ, ಒನಕೆಯಿಂದ ಗುದ್ದಬೇಕು. ನಾವು ಎಣಿಸಿದ್ದು ಇಪ್ಪತ್ತಮೂರು ಬಿಲ. ಇಪ್ಪತ್ತನಾಲ್ಕನೆಯದರಲ್ಲಿ ಕೇರೆಹಾವು ಇತ್ತು. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಈ ಕೆಲಸ ಒಂದು ಮನೆಯದಲ್ಲ. ತಮಿಳುನಾಡಿನಲ್ಲಿ ಇದಕ್ಕೆ ‘ಕುಡಿಮರಾಮತ್ತು’ ಎಂಬ ಹಳೆಯ ಹೆಸರೇ ಇದೆ. ಕುಡಿ ಎಂದರೆ ಒಕ್ಕಲು, ಮರಾಮತ್ತು ಎಂದರೆ ರಿಪೇರಿ. ಕೆರೆ ನೀರು ಉಣ್ಣುವ ಪ್ರತಿ ಮನೆಯೂ ವರ್ಷಕ್ಕೊಮ್ಮೆ ಆಳು ಕಳಿಸಬೇಕು ಎಂಬ ರೂಢಿ. ಬ್ರಿಟಿಷರು 1858ರಲ್ಲಿ ಅದನ್ನು ಕಡ್ಡಾಯ ದುಡಿಮೆಯ ಕಾನೂನಾಗಿ ಬರೆದರು. 2017ರಲ್ಲಿ ತಮಿಳುನಾಡು ಸರ್ಕಾರ ಅದೇ ಹೆಸರಿನಲ್ಲಿ ಕೆರೆ ದುರಸ್ತಿ ಯೋಜನೆ ಶುರು ಮಾಡಿತು. ಕಾನೂನು ಮಾಡಿದರೆ ರೂಢಿ ಉಳಿಯುತ್ತದೆಯೇ ಎಂಬುದು ಚರ್ಚೆಯ ವಿಷಯ. ನಮ್ಮ ಕೆರೆಯ ಮಟ್ಟಿಗೆ ಹೇಳುವುದಾದರೆ, ಸುತ್ತಲ ಹನ್ನೊಂದು ಮನೆಗಳಿಗೆ ಹೋಗಿ ಕರೆದೆವು. ನಾಲ್ಕು ಮನೆಯವರು ಬಂದರು. ಉಳಿದವರಲ್ಲಿ ಹೆಚ್ಚಿನವರಿಗೆ ಈಗ ಬೋರ್‌ವೆಲ್ ಇದೆ. ಕೆರೆ ಒಡೆದರೂ ಅವರ ಬೆಳೆಗೆ ತಕ್ಷಣ ಏನೂ ಆಗುವುದಿಲ್ಲ. ಆದರೆ ಆ ಬೋರ್‌ವೆಲ್‌ಗೆ ನೀರು ಇಂಗುವುದು ಇದೇ ಕೆರೆಯಿಂದ. ಹೇಳಿದೆವು. ತಲೆಯಾಡಿಸಿದರು.

ನಮ್ಮದು ಮಳೆ ನೀರಿನ ಕೆರೆ, ಅದು ಭಾಗ್ಯ. ಹೊಸೂರಿನ ಆ ಬದಿಯ ಕೆಲವರಪಳ್ಳಿ ಅಣೆಕಟ್ಟನ್ನು ನೆನೆಸಿಕೊಳ್ಳಿ. ನಂದಿ ಬೆಟ್ಟದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವದ ಕೊಳಚೆಯನ್ನೂ ಸೇರಿಸಿಕೊಂಡು ಅಲ್ಲಿಗೆ ಬರುತ್ತದೆ. ಮಳೆಗಾಲದಲ್ಲಿ ಶಟರ್ ಎತ್ತಿದರೆ ನೊರೆ ಗುಡ್ಡವಾಗಿ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಆ ಪಾತ್ರದ ಪಕ್ಕ ಹೊಲ ಇರುವವರಿಗೆ ಯಾವ ಹೆಂಚು ತಿರುವಿ ಏನು ಪ್ರಯೋಜನ?

ನವೆಂಬರ್ 2ಕ್ಕೆ ಮುಂಚಿನ ದಿನ ಸಮಾಧಿಗಳ ಕೆಲಸ. ಮೃತರ ಸ್ಮರಣೆಯ ದಿನಕ್ಕೆ ಹುಲ್ಲು ತೆಗೆದು, ಸುಣ್ಣ ಬಳಿದು, ಚೆಂಡುಹೂವು ಇಡುವುದು ನಿಮಗೆಲ್ಲ ಗೊತ್ತಿರುವುದೇ. ತಾತನ ಸಮಾಧಿಯ ಹುಲ್ಲನ್ನು ಅಜ್ಜಿ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಮೊಣಕಾಲು ನೋವಿದ್ದರೂ ಮಣೆ ಹಾಕಿಕೊಂಡು ಕುಳಿತು, ಕುಡುಗೋಲಿನ ತುದಿಯಿಂದ ತಾವೇ ತೆಗೆದರು. ಮುಗಿದ ಮೇಲೆ ಕಲ್ಲಿಗೆ ಕೈಯೊರಗಿಸಿ, “ಈ ಸಲ ಪೈರು ಚೆನ್ನಾಗದೆ” ಎಂದರು. ನಮಗೆ ಹೇಳಿದ್ದಲ್ಲ ಅದು.

ಪೈರು ಚೆನ್ನಾಗಿತ್ತು ನಿಜ. ರಾಗಿ ತೆನೆ ಬಾಗಿ, ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ ಹೂ ಬಿಟ್ಟು, ಅಂಚಿನಲ್ಲಿ ಹುಚ್ಚೆಳ್ಳಿನ ಹಳದಿ. ಇದನ್ನೇ ಕಾಯುವವರು ಇನ್ನೊಬ್ಬರಿದ್ದಾರೆ. ಅಕ್ಟೋಬರ್ ನವೆಂಬರ್ ಬಂತೆಂದರೆ ಬನ್ನೇರುಘಟ್ಟ, ಕಾವೇರಿ ಕಾಡುಗಳ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ ದಾಟಿ, ತಳಿ, ಡೆಂಕಣಿಕೋಟೆ, ಸಾನಮಾವು, ಶೂಲಗಿರಿ ಕಡೆಗೆ ಬರುತ್ತವೆ. ರಾಗಿ ಬಲಿಯುವುದಕ್ಕೂ ಅವು ಬರುವುದಕ್ಕೂ ಸರಿಯಾಗಿರುತ್ತದೆ. ಕೆರೆ ಇದ್ದರೆ ಇನ್ನೂ ಒಳ್ಳೆಯದು ಅವಕ್ಕೆ. ತಿಂದು, ಕುಡಿದು, ಮಿಂದು ಹೋಗುತ್ತವೆ. ನಮ್ಮ ಅಜ್ಜಿಯ ಕೆರೆ ಅವುಗಳಿಗೂ ಲೇಕ್ ವ್ಯೂ. ತಮಾಷೆ ಸಾಕು. ಈ ಭಾಗದಲ್ಲಿ ಆನೆಯಿಂದ ಜೀವ ಕಳೆದುಕೊಂಡವರ ಮನೆಗಳೂ ಇವೆ, ವಿದ್ಯುತ್ ಬೇಲಿ ತಗುಲಿ ಸತ್ತ ಆನೆಗಳೂ ಇವೆ.

ನವೆಂಬರ್ ಎರಡನೇ ವಾರ ಅರಣ್ಯ ಇಲಾಖೆಯವರು ಹಿಂಡು ಹತ್ತಿರ ಬಂದಿದೆ ಎಂದು ಎಚ್ಚರಿಸಿದರು. ಆ ಶುಕ್ರವಾರ ಚಿಕ್ಕಪ್ಪ ಕಾರು ತಂದರು. ಮಾಡು ಸೋರುತ್ತಿಲ್ಲ, ದಾರಿ ಸರಿಯಿದೆ, ಏರಿ ಗಟ್ಟಿಯಿದೆ, ಅವರೇ ಒಪ್ಪಿದರು. ಆದರೆ ಆನೆ ನಮ್ಮ ಒಪ್ಪಂದದಲ್ಲಿ ಇರಲಿಲ್ಲ.

“ಅಮ್ಮ, ಒಂದು ವಾರ ಬಾ. ಆನೆ ಹೋದ ಮೇಲೆ ನಾನೇ ಬಿಡ್ತೀನಿ.”

“ರಾಗಿ?”

“ರಾಗಿ ಹೋದರೆ ಹೋಗಲಿ. ಅಂಗಡೀಲಿ ಸಿಗಲ್ವಾ?”

ಅಜ್ಜಿ ಉತ್ತರ ಕೊಡದೆ ನಮ್ಮ ಕಡೆ ನೋಡಿದರು. ಚಿಕ್ಕಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ. ರಾತ್ರಿ ಹೊಲದ ಅಟ್ಟಣೆಯಲ್ಲಿ ಮಲಗಿ ಕಾಯುವ ಕಾಲ ಹೋಯಿತು, ಹೋಗಬೇಕು ಕೂಡ. ಕೊನೆಗೆ ಆ ರಾತ್ರಿ ಅಜ್ಜಿ ಹೊಸೂರಿಗೆ ಹೋದರು. ಶನಿವಾರ ಬೆಳಿಗ್ಗೆ ಬೆಳಕು ಹರಿದ ಮೇಲೆ ನಾವು ಹದಿನೇಳು ಜನ ಕುಡುಗೋಲು ಹಿಡಿದು ಹೊಲಕ್ಕಿಳಿದೆವು. ಏಳು ಗಂಟೆಗೆ ಕಾರು ಮತ್ತೆ ಬಂತು. ಅಜ್ಜಿ ಇಳಿದರು, ಹಿಂದಿನಿಂದ ಚಿಕ್ಕಪ್ಪನೂ ಪ್ಯಾಂಟ್ ಮಡಚಿಕೊಂಡು ಇಳಿದರು. ಕೊಯ್ಯಲು ಬಾರದವರೇ ನಮ್ಮಲ್ಲಿ ಹೆಚ್ಚು. ಬುಡದಿಂದ ನಾಲ್ಕು ಬೆರಳು ಬಿಟ್ಟು, ಎಡಗೈ ಮುಷ್ಟಿ ತುಂಬಿದಾಗ ಮಾತ್ರ ಎಳೆಯಬೇಕು ಎಂದು ಅಜ್ಜಿ ಬದುವಿನ ಮೇಲೆ ನಿಂತು ಕೂಗಿ ಹೇಳುತ್ತಿದ್ದರು. ಅವರೆ ಬಳ್ಳಿ ತುಳಿದವರಿಗೆ ಬೈಗುಳ ಬೇರೆ. ಶನಿವಾರ ಮುಕ್ಕಾಲು, ಭಾನುವಾರ ಪೂಜೆ ಮುಗಿಸಿ ಬಂದು ಉಳಿದದ್ದು. ಎರಡು ದಿನ ಒಣಗಲು ಬಿಟ್ಟು, ಕಂತೆ ಕಟ್ಟಿ, ಮಂಗಳವಾರ ಸಂಜೆಯ ಒಳಗೆ ಮನೆಯ ಪಕ್ಕ ಮೆದೆ ಹಾಕಿದೆವು. ಬುಧವಾರ ಬೆಳಿಗ್ಗೆ ಕೆರೆಯ ಆಚೆ ದಡದ ಕೆಸರಿನಲ್ಲಿ ಹೆಜ್ಜೆ ಗುರುತುಗಳಿದ್ದವು, ದೊಡ್ಡವು ಮೂರು ಅಳತೆ, ಚಿಕ್ಕದು ಒಂದು. ಈ ಬದಿಗೆ ಬಂದಿರಲಿಲ್ಲ.

ಮುಂದಿನ ವರ್ಷದ ಮಾತು ಇನ್ನೂ ತೀರ್ಮಾನವಾಗಿಲ್ಲ. ನಮ್ಮಲ್ಲಿ ಒಬ್ಬರಿಗೆ ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕಿದೆ, ಇನ್ನೊಬ್ಬರ ಮದುವೆ ಗೊತ್ತಾಗಿದೆ. ಹೆಂಚು ತಿರುವಲು ಕೈಗಳು ಕಡಿಮೆಯಾಗುತ್ತವೆ. ಅಜ್ಜಿ ಈಗ ಹೇಳುವುದು ಒಂದೇ: “ಅವರೆ ಮುಗೀಲಿ, ಆಮೇಲೆ ನೋಡಾಣ.” ಸೊಗಡು ಅವರೆ ಮುಗಿಯುವುದು ಜನವರಿಯ ಕೊನೆಗೆ. ಅಷ್ಟರಲ್ಲಿ ಹುರುಳಿ ಕೀಳಬೇಕು ಎನ್ನುತ್ತಾರೆ, ನಮಗೆ ಗೊತ್ತು.

ಡಿಸೆಂಬರ್ ಎರಡನೇ ಶನಿವಾರ ಕಣ ಸಾರಿಸಿ ರಾಗಿ ಬಡಿಯುತ್ತೇವೆ. ಬರುವವರು ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ರಾಗಿ ಸುಂಕು ಮೈ ಕಡಿಯುತ್ತದೆ. ಹೊಸೂರು ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳಕ್ಕೆ ಸೇರೋಣ. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಅಜ್ಜಿಯದು. ಆನೆಗಳು ಇನ್ನೂ ಸುತ್ತಮುತ್ತ ಇರುವುದರಿಂದ ಸಂಜೆ ನಾಲ್ಕಕ್ಕೆಲ್ಲ ಹೊರಟುಬಿಡಬೇಕು.