ಶೇಂಗಾ ಹಿಂಡಿಯೂ ಜಾವಾದ ಅರ್ಜುನನೂ

ಶೇಂಗಾ ಚಟ್ನಿಗೆ ಸಿಹಿ ಬೆರೆಸುವವರ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸದಭಿಪ್ರಾಯವಿಲ್ಲ. ಇಂದು ಬೆಳಗ್ಗೆ, ಊರಿನಿಂದ ಹೊತ್ತು ತಂದ ಹಿಟ್ಟಿನಲ್ಲಿ ತಟ್ಟಿದ ಜೋಳದ ರೊಟ್ಟಿಯ ಮಗ್ಗುಲಿಗೆ, ನೋಡುವುದಕ್ಕೆ ನಮ್ಮ ಶೇಂಗಾ ಹಿಂಡಿಯ ಒಡಹುಟ್ಟಿನಂತೆಯೇ ಇದ್ದ ಕಂದುಬಣ್ಣದ ಪದಾರ್ಥವೊಂದನ್ನು ಮಗಳು ಬಡಿಸಿದಳು. ಮೊದಲ ತುತ್ತು ನಾಲಗೆಗೆ ತಗುಲಿದೊಡನೆಯೇ ಬೆಲ್ಲವು ಮುಂದೆ ಬಂದು ನಿಂತಿತು. ಖಾರವು ಅದರ ಹಿಂದೆ ಅಡಗಿತ್ತು. ಉಪ್ಪು ಹಾಜರಿ ಹಾಕಿ ಹೊರಟುಹೋಗಿತ್ತು. ಈ ಪ್ರಬಂಧವನ್ನು ಬರೆಯುವಾಗ ಲೇಖಕನ ಚಿತ್ತ ಸ್ವಸ್ಥವಾಗಿರಲಿಲ್ಲವೆಂಬುದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳತಕ್ಕದ್ದು.

ಸುರಪುರ ತಾಲ್ಲೂಕಿನ ದೇವಾಪುರದವನಾದ ನಾನು ಮಗಳ ಮನೆಯೆಂಬ ಕಾರಣದಿಂದ ಹಾಲೆಂಡಿನ ಹೇಗ್ ನಗರದಲ್ಲಿದ್ದೇನೆ. ಇಲ್ಲಿಯ ಬೀದಿಗಳಲ್ಲಿ ‘ತೋಕೊ’ ಎಂಬ ಹೆಸರಿನ ಪುಟ್ಟ ಕಿರಾಣಿ ಅಂಗಡಿಗಳಿವೆ. ಅವು ಇಂಡೊನೇಷ್ಯದ ಸಾಮಾನಿನವು. 1945ರ ಆಗಸ್ಟ್ 17ರಂದು ಸುಕರ್ಣೊ ತನ್ನ ದೇಶದ ಸ್ವಾತಂತ್ರ್ಯವನ್ನು ಸಾರಿ, 1949ರ ಡಿಸೆಂಬರಿನಲ್ಲಿ ಡಚ್ಚರು ಒಲ್ಲದ ಮನಸ್ಸಿನಿಂದ ಅಧಿಕಾರವನ್ನು ಬಿಟ್ಟುಕೊಟ್ಟ ಆ ಕಾಲದಲ್ಲಿಯೂ ಅನಂತರದ ವರುಷಗಳಲ್ಲಿಯೂ ಸುಮಾರು 3 ಲಕ್ಷ ಜನರು ಹಡಗನ್ನೇರಿ ಇಲ್ಲಿಗೆ ಬಂದರು. ಅವರಲ್ಲಿ ಬಹುಮಂದಿ ಅದುವರೆಗೆ ಹಾಲೆಂಡಿನ ನೆಲವನ್ನೇ ಮೆಟ್ಟಿದವರಲ್ಲ. ಊರು ಬಿಟ್ಟವನು ನಾಲಗೆಯನ್ನು ಬಿಟ್ಟು ಬರಲಾರನೆಂಬುದು ಎಲ್ಲರೂ ಬಲ್ಲ ಸಂಗತಿಯಾದುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ನಾವು ಹೋದ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಇಬ್ಬರು ಎದುರುಬದುರಾದರೆ ಒಬ್ಬರು ಅಕ್ಕಿಯ ಚೀಲಗಳ ಕಡೆಗೆ ಸರಿದು ದಾರಿ ಬಿಡಬೇಕು. ಸೀಗಡಿಯನ್ನು ಕೊಳೆಯಿಸಿ ಮಾಡುವ ‘ತ್ರಾಸಿ’ ಎಂಬುದರ ಗಂಧದ ವಿಷಯದಲ್ಲಿ ನಾನು ಮೌನವನ್ನು ವಹಿಸುತ್ತೇನೆ. ಉಳಿದಂತೆ, ತೆಂಗಿನ ಚಿಪ್ಪಿನಲ್ಲಿ ಎರೆದು ಆರಿಸಿದ ಬೆಲ್ಲದ ಅರ್ಧಗೋಲಗಳು, ಬಿಳಿಯ ಬೂಷ್ಟಿನಿಂದ ಹೆಣೆದುಕೊಂಡ ಸೋಯಾ ಕಾಳಿನ ತೆಂಪೆ, ಹುಣಸೆಹಣ್ಣು, ಕೊತ್ತಂಬರಿ, ಜೀರಿಗೆ, ಅರಿಸಿನ, ಕಾದ ಎಣ್ಣೆಯ ನಿರೀಕ್ಷೆಯಲ್ಲಿರುವ ಕ್ರುಪುಕ್ ಎಂಬ ಹಸಿ ಹಪ್ಪಳದ ಬಿಲ್ಲೆಗಳು. ಸಂಬಾಲ್ ಊಲೆಕ್ ಎಂಬ ಕೆಂಪು ಖಾರದ ಸೀಸೆಯನ್ನಂತೂ ನಾನು ಗೌರವದಿಂದಲೇ ಕೈಗೆತ್ತಿಕೊಂಡೆ. ನಮ್ಮ ರಂಜಕದಿಂದ ಬೆಳ್ಳುಳ್ಳಿ, ಮೆಂತ್ಯ, ನಿಂಬೆಹುಳಿಗಳನ್ನು ಕಳೆದರೆ ಉಳಿಯುವುದು ಅದೇ. ಮಗಳು ಡಚ್ ಭಾಷೆಯಲ್ಲಿ ಶೇಂಗಾದ ಚಟ್ನಿಯನ್ನು ಕೇಳಿದೊಡನೆ ಗಲ್ಲೆಯ ಹಿಂದಿದ್ದ ವೃದ್ಧೆಯು ‘ಪೆಚೆಲ್’ ಮಸಾಲೆಯ ಗಟ್ಟಿಯೊಂದನ್ನು ತೆಗೆದುಕೊಟ್ಟು, ಬೆರೆಸಬೇಕಾದ ಬಿಸಿನೀರಿನ ಅಳತೆಯನ್ನು ಎರಡು ಬೆರಳುಗಳಿಂದ ತೋರಿಸಿದಳು. ಬೇಯಿಸಿದ ಸೊಪ್ಪು ತರಕಾರಿಗಳ ಮೇಲೆ ಅದನ್ನು ಸುರಿದುಕೊಂಡು ಉಣ್ಣುವುದು ಜಾವಾದವರ ಪದ್ಧತಿಯಂತೆ. ಅವರು ಉಣ್ಣಲಿ. ರೊಟ್ಟಿಯ ಸಂಗಡ ಅದಕ್ಕೇನು ಕೆಲಸ?

ಹಿಂಡಿಯೆಂದರೇನೆಂಬುದನ್ನು ಈ ಸಂದರ್ಭದಲ್ಲಿ ಹೇಳದಿದ್ದರೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಶೇಂಗಾವನ್ನು ಸಣ್ಣ ಉರಿಯಲ್ಲಿ, ಸಿಪ್ಪೆ ತಾನಾಗಿ ಬಿಡುವವರೆಗೆ ಹುರಿದು, ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಒಣಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪುಗಳನ್ನು ಕೂಡಿಸಿ ಒಳ್ಳಿನಲ್ಲಿ ಕುಟ್ಟುವಾಗ, ಕಾಳು ಎಣ್ಣೆ ಬಿಡಲು ಹವಣಿಸುವ ಆ ಕ್ಷಣದಲ್ಲಿ ಕೈ ನಿಲ್ಲಬೇಕು. ಮೊದಲೇ ನಿಂತರೆ ಅದು ತರಿ. ತಡವಾಗಿ ನಿಂತರೆ ಮುದ್ದೆ. ಮಿಕ್ಸರ್ ಎಂಬ ಯಂತ್ರಕ್ಕೆ ಈ ವಿವೇಕವಿಲ್ಲ. ಇನ್ನು ಗಟ್ಟಿ ಕಟ್ಟಿ ಸಮುದ್ರ ದಾಟಿಸುವ ಕಾರಖಾನೆಗೆ ಎಲ್ಲಿಂದ ಬರಬೇಕು? ಎಮ್ಮೆಯ ಕೆನೆಮೊಸರನ್ನು ಮೇಲೆ ಹಾಕಿಕೊಂಡು, ಕಟಿ ರೊಟ್ಟಿಯನ್ನು ಮುರಿದು, ಅದರಲ್ಲಿ ಒತ್ತಿ ತಿಂದವನಿಗೆ ಮಾತ್ರ ನನ್ನ ಈ ಕೋಪದ ನ್ಯಾಯ ಅರ್ಥವಾದೀತು.

‘ಶೇಂಗಾ ಹೋಳಿಗೆಯನ್ನು ಕಂಡರೆ ಎರಡನೆಯದಕ್ಕೂ ಕೈ ಚಾಚುತ್ತೀರಲ್ಲ, ಅದರಲ್ಲಿ ಬೆಲ್ಲವಿಲ್ಲವೆ?’ ಎಂದು ಅಳಿಯನು ಕೇಳಿದನು. ಅವನು ಮೈಸೂರಿನವನು. ಸಾರಿಗೂ ಹುಳಿಗೂ ಬೆಲ್ಲವನ್ನು ಹಾಕುವ ಸೀಮೆಯವರ ಸಾಕ್ಷ್ಯವು ಇಂಥ ಮೊಕದ್ದಮೆಯಲ್ಲಿ ಸಲ್ಲತಕ್ಕದ್ದಲ್ಲ. ಆದರೂ ಉತ್ತರ ಹೇಳುವೆನು: ಸಿಹಿಯು ಸಿಹಿಯೆಂದೇ ಹಬ್ಬದ ದಿನ ಎಲೆಯ ಮೇಲೆ ಬಂದರೆ ಅದಕ್ಕೆ ಮರ್ಯಾದೆಯುಂಟು, ಖಾರದ ವೇಷವನ್ನು ಹಾಕಿಕೊಂಡು ಬಂದರೆ ಅದು ವಂಚನೆ. ಶೇಂಗಾವೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು, ನಮ್ಮವೂ ಅಲ್ಲ ಜಾವಾದವರವೂ ಅಲ್ಲ ಎಂದು ಅವನು ಮುಂದುವರಿಸಿದನು. ನಿಜವಿರಬಹುದು; ಆದರೆ ಹೆತ್ತವರು ಯಾರೇ ಆಗಲಿ, ಬುದ್ಧಿ ಕಲಿಸಿದವರು ನಾವು.

ಈ ವಾದವನ್ನು ಅಂಗಡಿಯಲ್ಲಿಯೇ ಮುಗಿಸುತ್ತಿದ್ದೆನೇನೋ. ಆದರೆ ಗಲ್ಲೆಯ ಮೇಲಿನ ಗೋಡೆಯಲ್ಲಿ ತೊಗಲಿನ ಗೊಂಬೆಯೊಂದನ್ನು ತೂಗುಹಾಕಿದ್ದರು. ಸೂಜಿಯಂಥ ಮೂಗು, ಗೆರೆಯಂಥ ಕಣ್ಣು, ಬಾಗಿದ ಶಿರಸ್ಸು, ಮೊಣಕಾಲಿಗಿಂತಲೂ ಕೆಳಗೆ ಇಳಿದ ಕೈಗಳು. ಯಾರೆಂದು ಕೇಳಿದರೆ ಆ ವೃದ್ಧೆಯು, ನೆರೆಮನೆಯ ಹುಡುಗನ ಹೆಸರನ್ನು ಹೇಳುವಷ್ಟು ಸಲೀಸಾಗಿ, ‘ಅರ್ಜುನ’ ಎಂದಳು. ನಮ್ಮ ಸೀಮೆಯ ದೊಡ್ಡಾಟದಲ್ಲಿ ಅರ್ಜುನನು ರಂಗಸ್ಥಳದ ಹಲಗೆ ನಡುಗುವಂತೆ ಕುಣಿಯುವವನು. ಇಲ್ಲಿಯವನು ನೆಲವನ್ನು ನೋಡುತ್ತ ನಿಂತ ವಿನಯವಂತ. ಪಂಪನು ವಿಕ್ರಮಾರ್ಜುನವಿಜಯವನ್ನು ರಚಿಸಿದ ಸುಮಾರು ನೂರು ವರುಷಗಳಿಗೆ, ಎಂಪು ಕಣ್ವನೆಂಬ ಜಾವಾದ ಕವಿ, ಅರ್ಜುನನ ತಪಸ್ಸನ್ನೂ ನಿವಾತಕವಚನ ವಧೆಯನ್ನೂ ಕುರಿತು ‘ಅರ್ಜುನವಿವಾಹ’ವನ್ನು ಬರೆದನು. ಅವರ ಆಟಗಳಲ್ಲಿ ಸೆಮಾರ್ ಎಂಬ ಬೊಜ್ಜಿನ ವಿದೂಷಕನು ಅರ್ಜುನನನ್ನು ಹಿಂಬಾಲಿಸಿ ಸಮಯ ಸಿಕ್ಕಾಗಲೆಲ್ಲ ಬುದ್ಧಿ ಹೇಳುತ್ತಾನೆ. ನಮ್ಮ ಅರ್ಜುನನಿಗೂ ಅಂಥವನೊಬ್ಬನಿದ್ದಿದ್ದರೆ ಮಣಿಪುರದಲ್ಲಿ ಮಗ ಬಭ್ರುವಾಹನನನ್ನು ಹೀಯಾಳಿಸಿ ತಲೆಯನ್ನು ಕಳೆದುಕೊಳ್ಳುತ್ತಿರಲಿಲ್ಲ.

ಬಭ್ರುವಾಹನನ ಹೆಸರು ಬಂದ ಮೇಲೆ ದೇವಾಪುರದವನು ಸುಮ್ಮನಿರುವುದು ಸಾಧ್ಯವಿಲ್ಲ. ಆ ಕಥೆಯನ್ನು ಕನ್ನಡದಲ್ಲಿ ಹಾಡಿದ ಜೈಮಿನಿ ಭಾರತದ ಲಕ್ಷ್ಮೀಶನು ತನ್ನ ಊರನ್ನು ದೇವಪುರವೆಂದು ಕರೆದುಕೊಂಡಿದ್ದಾನೆ. ಅದು ಕಡೂರು ತಾಲ್ಲೂಕಿನ ದೇವನೂರೆಂದು ಬಹುಮಂದಿ ವಿದ್ವಾಂಸರ ಮತ. ನಮ್ಮ ದೇವಾಪುರವೇ ಎಂದು ಸುರಪುರದ ಕಡೆಯವರ ವಾದ. ನನ್ನ ಪಕ್ಷ ಯಾವುದೆಂದು ಕೇಳುವುದೇ ಅನುಚಿತ. ಆದರೆ ಕವಿಯ ಊರಿಗಾಗಿ ಕಾದಾಡುವ ನಮ್ಮಲ್ಲಿ ಕವಿಯ ಕಾವ್ಯವನ್ನು ಓದುವ ಮನೆಗಳು ವಿರಳವಾಗುತ್ತಿವೆ. ಅತ್ತ ಪರದೇಶದ ಕಿರಾಣಿ ಅಂಗಡಿಯ ಮುದುಕಿಗೆ ಅರ್ಜುನನು ಇನ್ನೂ ಪರಿಚಿತ. ಅಟ್ಟದ ಮೇಲೆ ಜೈಮಿನಿಯ ಹಳೆಯ ಪ್ರತಿಯನ್ನಿಟ್ಟುಕೊಂಡಿರುವವರು, ಕಡೂರಿನವರಾಗಲಿ ಸುರಪುರದವರಾಗಲಿ, ಅದನ್ನು ಕೆಳಗಿಳಿಸಿ ಧೂಳನ್ನು ಝಾಡಿಸಿ, ಕಾದೆಣ್ಣೆಯ ಕೊಪ್ಪರಿಗೆಗೆ ಬಿದ್ದೂ ಬೇಯದ ಸುಧನ್ವನ ಕಥೆಯನ್ನಾದರೂ ಮನೆಮಂದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಬೇಕು. ವಾರ್ಧಕ ಷಟ್ಪದಿಯು ಮನಸ್ಸಿನಲ್ಲಿಯೇ ಓದಿಕೊಳ್ಳುವ ಛಂದಸ್ಸಲ್ಲ.