ಮೊದಲು ಏಳುವವರು ಯಾರು?

ಬೆಂಕಿ ಬಿದ್ದರೆ ಜನ ದಿಕ್ಕೆಟ್ಟು ಓಡುತ್ತಾರೆಂದು ನಾವು ತಿಳಿದಿದ್ದೇವೆ. ಅನೇಕ ವೇಳೆ ಆಗುವುದು ಅದಕ್ಕೆ ವಿರುದ್ಧ. ಜನ ಏಳುವುದೇ ಇಲ್ಲ.

1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಕೋಣೆಯಲ್ಲಿ ಪ್ರಶ್ನಾವಳಿ ತುಂಬುತ್ತಿರುವಾಗ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬೊಬ್ಬರೇ ಕುಳಿತಿದ್ದ 24 ಜನರಲ್ಲಿ 18 ಮಂದಿ ಹೊರಬಂದು ತಿಳಿಸಿದರು. ಹೊಗೆ ಕಂಡರೂ ಸುಮ್ಮನಿರಬೇಕೆಂದು ಮೊದಲೇ ಹೇಳಿಸಿಕೊಂಡ ಇಬ್ಬರು ಜೊತೆಗಿದ್ದಾಗ, 10 ಜನರಲ್ಲಿ ತಿಳಿಸಿದವನು ಒಬ್ಬನೇ! ಉಳಿದವರು ಕೆಮ್ಮುತ್ತ, ಕಣ್ಣುಜ್ಜುತ್ತ ಬರೆಯುತ್ತಲೇ ಇದ್ದರು.

ಪಕ್ಕದವನು ಸುಮ್ಮನಿದ್ದಾನೆ, ಹಾಗಾದರೆ ಭಯವಿಲ್ಲ ಎಂಬ ಲೆಕ್ಕ. ಆ ಪಕ್ಕದವನೂ ನಮ್ಮ ಮುಖವನ್ನೇ ನೋಡುತ್ತಿರುತ್ತಾನೆ!

ಇದನ್ನೋದಿದಾಗ ನಮ್ಮ ಕಚೇರಿಯೇ ಕಣ್ಣಿಗೆ ಕಟ್ಟಿತು. ಫೈರ್ ಡ್ರಿಲ್ಲಿನ ಗಂಟೆ ಬಾರಿಸಿದರೆ ಎಲ್ಲರ ಕಣ್ಣೂ ಸೆಕ್ಷನ್ ಆಫೀಸರರ ಮೇಲೆ. ಅವರೆದ್ದ ಮೇಲೂ ಡ್ರಾಯರಿಗೆ ಬೀಗ, ಕೈಗೆ ಊಟದ ಡಬ್ಬಿ. ಹತ್ತಿರದ ಹಿಂಬಾಗಿಲನ್ನು ಬಿಟ್ಟು ದಿನವೂ ಬರುವ ಮುಂಬಾಗಿಲಿಗೇ ನಡಿಗೆ.

ನಮ್ಮಲ್ಲಿ ಬಹಳ ಮಂದಿ ಬಹುಮಹಡಿ ಕಟ್ಟಡಗಳಲ್ಲಿರುವವರು. ಊರಿನ ಮನೆಯ ಹಿತ್ತಲ ಬಾಗಿಲು ಇಲ್ಲಿಲ್ಲ. ಬೆಂಕಿಯಾದಾಗ ಲಿಫ್ಟನ್ನು ನಂಬುವಂತಿಲ್ಲ. ಮೆಟ್ಟಿಲುಗಳು ಎಲ್ಲೆಲ್ಲಿವೆಯೆಂದು ಇಂದೇ ಮಕ್ಕಳಿಗೆ ತೋರಿಸಿ. ಹೊಗೆ ಕಂಡರೆ ಇತರರ ಮುಖ ನೋಡಬೇಡಿ. "ಏಳಿ, ಹೊರಡಿ" ಎನ್ನಿ. ಸುಳ್ಳಾದರೆ ನಾಲ್ಕು ಜನ ನಕ್ಕಾರು. ನಗಲಿ, ನಗುವುದಕ್ಕೆ ಅವರಿದ್ದಾರಲ್ಲ!